ಬೇಸ್‌ಬಾಲ್‌ಗೆ ಗಡಿಯಾರ ತಂದಿದ್ದು ಸರಿನಾ? ಆಟಗಾರರಿಗೆ ಅಷ್ಟೊಂದು ದುಡ್ಡು ಯಾಕೆ?

ನೀವು ಒಂದೇ ಉಸಿರಿಗೆ ಮೂರು ಕೇಳಿದ್ದೀರಿ. ಬೇಸ್‌ಬಾಲ್ ಅಷ್ಟು ಎಳೆಯುತ್ತಿದ್ದದ್ದು ಯಾಕೆ, ಚೆಂಡು ಎಸೆಯಲು ಇಷ್ಟೇ ಸೆಕೆಂಡ್ ಅಂತ 2023ರಲ್ಲಿ ತಂದ ಗಡಿಯಾರದಿಂದ ಆಟ ಕೆಟ್ಟಿತಾ, ಒಬ್ಬನಿಗೆ 70 ಕೋಟಿ ಡಾಲರ್ ಕೊಡುವುದು ಹುಚ್ಚಲ್ವಾ ಅಂತ. ನಾನು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಹನ್ನೊಂದು ವರ್ಷದಿಂದ ಇದ್ದೇನೆ, ವರ್ಷಕ್ಕೆ ನಾಲ್ಕೈದು ಸಲ ಇಲ್ಲಿನ ತಂಡವಾದ ಜೈಂಟ್ಸ್ ಪಂದ್ಯಕ್ಕೆ ಹೋಗುತ್ತೇನೆ. ಪಂಡಿತ ಅಲ್ಲ, ಆದರೆ ಗಡಿಯಾರ ಬರುವ ಮೊದಲೂ ನೋಡಿದ್ದೇನೆ, ಆಮೇಲೂ ನೋಡಿದ್ದೇನೆ.

ಮೊದಲ ಸಲ ಹೋಗಿದ್ದು ಆಫೀಸಿನವರ ಜೊತೆ. ಬ್ಯಾಟರ್ ಒಂದು ಎಸೆತ ಹೊಡೆಯದೆ ಬಿಟ್ಟ. ಗೆರೆಯಿಂದ ಆಚೆ ಬಂದ. ಎಡಗೈ ಗ್ಲೌಸಿನ ಪಟ್ಟಿ ಪರ್ ಅಂತ ಬಿಚ್ಚಿ ಮತ್ತೆ ಅಂಟಿಸಿದ, ಬಲಗೈದೂ ಹಾಗೇ ಮಾಡಿದ, ಹೆಲ್ಮೆಟ್ ಮುಟ್ಟಿಕೊಂಡ, ಉಗಿದ. ಅಷ್ಟರಲ್ಲಿ ಪಿಚರ್ (ಚೆಂಡು ಎಸೆಯುವವನು) ತನ್ನ ದಿಬ್ಬಕ್ಕೆ ಒಂದು ಪ್ರದಕ್ಷಿಣೆ ಹಾಕಿ ಬಂದು, ಬ್ಯಾಟರ್ ಹಿಂದೆ ಕೂತ ಕ್ಯಾಚರ್ ಬೆರಳಲ್ಲಿ ತೋರಿಸಿದ್ದಕ್ಕೆಲ್ಲ ಬೇಡ ಬೇಡ ಅಂತ ತಲೆ ಆಡಿಸಿ, ಕೊನೆಗೂ ಎಸೆದ. ಇವನು ಅದನ್ನೂ ಬಿಟ್ಟ! ಮತ್ತೆ ಆಚೆ ಬಂದ, ಮತ್ತೆ ಪರ್ ಪರ್. ನಾನು ಎದ್ದು ಹೋಗಿ, ಸಾಲಲ್ಲಿ ನಿಂತು, ಬೆಳ್ಳುಳ್ಳಿ ಹಾಕಿದ ಆಲೂ ಫ್ರೈಸ್ ತಗೊಂಡು ಬಂದರೆ ಅವನೇ ಇನ್ನೂ ಆಡುತ್ತಿದ್ದ.

ಆ ಕಾಲದಲ್ಲಿ ಇದು ಎಲ್ಲರಿಗೂ ಅಭ್ಯಾಸ ಆಗಿಹೋಗಿತ್ತು. ಬಾಸ್ಟನ್ ರೆಡ್ ಸಾಕ್ಸ್‌ನಲ್ಲಿದ್ದ ನೋಮಾರ್ ಗಾರ್ಸಿಯಾಪಾರಾ ಅಂತೂ ಪ್ರತಿ ಎಸೆತದ ನಡುವೆ ಗ್ಲೌಸು ಸರಿಮಾಡಿಕೊಂಡು ಕಾಲ್ಬೆರಳು ಕುಟ್ಟುವುದಕ್ಕೇ ಹೆಸರಾಗಿದ್ದ. ಒಬ್ಬ ಹೀಗೆ ಮಾಡಿದರೆ ತಮಾಷೆ. ಎಲ್ಲರೂ ಮಾಡಿದರೆ ರಾತ್ರಿ ಹತ್ತೂವರೆ. ಜೊತೆಗೆ ಟಿವಿ ಜಾಹೀರಾತು, ಪದೇ ಪದೇ ಪಿಚರ್ ಬದಲಾವಣೆ. ಪಿಚರ್‌ಗಳೂ ಪ್ರತಿ ಎಸೆತಕ್ಕೂ ಮೈಯ ಶಕ್ತಿ ಪೂರ್ತಿ ಹಾಕುವುದು ಶುರುವಾಯಿತು, ಹಾಗಾಗಿ ನಡುವೆ ಸುಧಾರಿಸಿಕೊಳ್ಳಲು ಟೈಮು ಬೇಕು. 1970ರ ದಶಕದ ಮಧ್ಯದಲ್ಲಿ ಎರಡೂವರೆ ಗಂಟೆಯ ಸುತ್ತಮುತ್ತ ಮುಗಿಯುತ್ತಿದ್ದ ಒಂಬತ್ತು ಇನ್ನಿಂಗ್ಸ್ ಪಂದ್ಯ 2021ರಲ್ಲಿ ಸರಾಸರಿ 3 ಗಂಟೆ 10 ನಿಮಿಷಕ್ಕೆ ಬಂದು ನಿಂತಿತ್ತು. ಆಟ ಜಾಸ್ತಿ ಆಗಲಿಲ್ಲ, ಸುಮ್ನೆ ನಿಲ್ಲುವುದು ಜಾಸ್ತಿ ಆಯಿತು ಅಷ್ಟೇ.

ಗಡಿಯಾರದ ಲೆಕ್ಕ ಹೀಗೆ. ಬೇಸ್‌ನಲ್ಲಿ (ರನ್ನಿಗಾಗಿ ಓಡುವವರು ನಡುವೆ ನಿಲ್ಲುವ ಕಡೆ) ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಪಿಚರ್ ಎಸೆಯಲು ಶುರು ಮಾಡಬೇಕು. ಯಾರಾದರೂ ಇದ್ದರೆ 2023ರಲ್ಲಿ 20 ಸೆಕೆಂಡ್ ಇತ್ತು, 2024ರಿಂದ 18. ಅವನು ತಡ ಮಾಡಿದರೆ ಬ್ಯಾಟರ್‌ಗೆ ಒಂದು ಬಾಲ್ ಲಾಭ (ನಾಲ್ಕು ಬಾಲ್ ಆದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಹೋಗುತ್ತಾನೆ). ಗಡಿಯಾರದಲ್ಲಿ 8 ಬರುವಷ್ಟರಲ್ಲಿ ಬ್ಯಾಟರ್ ತಲೆ ಎತ್ತಿ ತಯಾರಾಗಿ ನಿಲ್ಲದಿದ್ದರೆ ಅವನ ಮೇಲೆ ಒಂದು ಸ್ಟ್ರೈಕ್ (ಮೂರಾದರೆ ಔಟ್). ಒಂದು ಸರದಿಗೆ ಒಂದೇ ಸಲ ಟೈಮ್ ಕೇಳಬಹುದು. ಮೊದಲ ವರ್ಷವೇ ಸರಾಸರಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಎಷ್ಟು ಬೇಗ ಮುಗಿಯುತ್ತಿತ್ತೆಂದರೆ, ಏಳನೇ ಇನ್ನಿಂಗ್ಸ್‌ಗೆ ಬಿಯರ್ ಮಾರಾಟ ನಿಲ್ಲಿಸುತ್ತಿದ್ದ ಕೆಲವು ತಂಡಗಳು ಎಂಟನೆಯದರವರೆಗೂ ಮುಂದುವರಿಸಿದವು. ವ್ಯಾಪಾರ ವ್ಯಾಪಾರವೇ ಅಲ್ವಾ!

ಆದರೆ ನನ್ನ ಪ್ರಕಾರ ಒಳ್ಳೆಯ ಬದಲಾವಣೆ ಗಡಿಯಾರವಲ್ಲ, ಅದರ ಬಾಲ ಹಿಡಿದು ಬಂದ ಇನ್ನೊಂದು ನಿಯಮ. ಬೇಸ್‌ನಲ್ಲಿರುವ ರನ್ನರ್ ಓಡಿಹೋಗದಂತೆ ಪಿಚರ್ ಅವನ ಕಡೆ ಚೆಂಡು ಎಸೆದು ಹೆದರಿಸುತ್ತಾನೆ. ಮೊದಲು ಇದನ್ನು ಎಷ್ಟು ಸಲ ಬೇಕಾದರೂ ಮಾಡಬಹುದಿತ್ತು, ಜನ ಬೂ ಅನ್ನುತ್ತಿದ್ದರು. ಈಗ ಒಬ್ಬ ಬ್ಯಾಟರ್ ಆಡುವಷ್ಟರಲ್ಲಿ ಎರಡು ಸಲ ಮಾತ್ರ. ಮೂರನೇ ಸಲ ಎಸೆದು ರನ್ನರ್‌ನನ್ನು ಔಟ್ ಮಾಡದಿದ್ದರೆ ಅವನು ಪುಕ್ಕಟೆಯಾಗಿ ಮುಂದಿನ ಬೇಸ್‌ಗೆ ಹೋಗುತ್ತಾನೆ. ಸಾಲದ್ದಕ್ಕೆ ಬೇಸ್‌ಗಳನ್ನೂ 15 ಇಂಚಿನಿಂದ 18 ಇಂಚಿಗೆ ದೊಡ್ಡದು ಮಾಡಿದರು. ಓಡುವವರಿಗೆ ಹಬ್ಬ. 2022ರಲ್ಲಿ ಕದ್ದ ಬೇಸ್‌ಗಳು (ಬ್ಯಾಟರ್ ಹೊಡೆಯದಿದ್ದರೂ ರನ್ನರ್ ಓಡಿ ಹಿಡಿದ ಬೇಸ್‌ಗಳು) 2,486 ಇದ್ದವು, 2023ರಲ್ಲಿ 3,503 ಆದವು. ಪಿಚರ್ ಎರಡು ಸಲ ಎಸೆದು ಮುಗಿಸಿದ ಮೇಲೆ ರನ್ನರ್ ಒಂದೊಂದೇ ಹೆಜ್ಜೆ ಬೇಸ್ ಬಿಟ್ಟು ಜರುಗುವುದನ್ನು ಮೈದಾನದಲ್ಲಿ ಕೂತು ನೋಡಬೇಕು, ಪಕ್ಕದವರು ಎದ್ದೇ ನಿಂತಿರುತ್ತಾರೆ.

ಕೆಟ್ಟದ್ದೇನೂ ಇಲ್ಲ ಅಂತಲ್ಲ. 2023ರ ಫೆಬ್ರವರಿ 25ರಂದು ಅಟ್ಲಾಂಟಾ ಬ್ರೇವ್ಸ್ ಮತ್ತು ರೆಡ್ ಸಾಕ್ಸ್ ಅಭ್ಯಾಸ ಪಂದ್ಯ. 6-6 ಸಮ, ಕೊನೆಯ ಇನ್ನಿಂಗ್ಸ್, ಎರಡು ಔಟ್, ಮೂರೂ ಬೇಸ್ ತುಂಬಿವೆ, ಮೂರು ಬಾಲ್, ಎರಡು ಸ್ಟ್ರೈಕ್ ಆಗಿವೆ, ಇನ್ನೊಂದು ಬಾಲ್ ಸಿಕ್ಕರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗಿ ಗೆಲುವಿನ ರನ್. ಅಂಪೈರ್ ಗಡಿಯಾರ ತೋರಿಸಿದರು. ತಪ್ಪು ಪಿಚರ್‌ದು, ನಾವು ಗೆದ್ದೆವು ಅಂತ ಬ್ರೇವ್ಸ್‌ನ ಕ್ಯಾಲ್ ಕಾನ್ಲಿ ಮೊದಲ ಬೇಸ್ ಕಡೆ ನಡೆಯಲು ಶುರು ಮಾಡಿದ. ತಪ್ಪು ಅವನದೇ ಆಗಿತ್ತು! ಮೂರನೇ ಸ್ಟ್ರೈಕ್, ಔಟ್, ಪಂದ್ಯ ಟೈ. ನಿಜವಾದ ಪಂದ್ಯವಾಗಿದ್ದರೆ ಗಲಾಟೆ ಆಗುತ್ತಿತ್ತು. ಗಡಿಯಾರದಿಂದ ಪಿಚರ್‌ಗಳ ಮೊಣಕೈ ಹಾಳಾಗುತ್ತಿದೆ ಅಂತ ಆಟಗಾರರ ಸಂಘ ದೂರುತ್ತದೆ, ವೇಗದ ಹುಚ್ಚಿನಿಂದ ಅಂತ ಲೀಗ್ ಹೇಳುತ್ತದೆ. ನನಗೆ ಲೀಗ್ ಮಾತು ಸ್ವಲ್ಪ ಜಾಸ್ತಿ ನಂಬಿಕೆ, ಯಾಕೆಂದರೆ ಮೊಣಕೈ ಆಪರೇಷನ್ ಗಡಿಯಾರಕ್ಕಿಂತ ಮೊದಲೇ ಮಾಮೂಲಾಗಿತ್ತು. ಅಂದಹಾಗೆ ಕ್ರಿಕೆಟ್ಟಿಗೂ ಇದೇ ಕಾಯಿಲೆ ಇತ್ತು, 2023ರ ಡಿಸೆಂಬರ್‌ನಿಂದ ಅಲ್ಲೂ ಓವರ್ ನಡುವೆ 60 ಸೆಕೆಂಡಿನ ಗಡಿಯಾರ ಬಂತು, ನೀವು ನೋಡಿಯೇ ಇರುತ್ತೀರಿ.

ಈಗ ದುಡ್ಡು. ನೀವು ಹೇಳಿದ 70 ಕೋಟಿ ಡಾಲರ್ ಜಪಾನಿನ ಆಟಗಾರ ಶೊಹೆ ಒಟಾನಿದು. ಲಾಸ್ ಏಂಜಲೀಸ್ ತಂಡ ಡಾಡ್ಜರ್ಸ್ ಜೊತೆ 10 ವರ್ಷದ ಒಪ್ಪಂದ. ಆದರೆ ಆಡುವ ವರ್ಷಗಳಲ್ಲಿ ತಂಡ ಅವನಿಗೆ ಕೊಡುವುದು ವರ್ಷಕ್ಕೆ 20 ಲಕ್ಷ ಡಾಲರ್, ಮಿಕ್ಕ 68 ಕೋಟಿ 2034ರಿಂದ ಶುರು, ಅದೂ ಬಡ್ಡಿ ಇಲ್ಲದೆ. ಒಂದು ವರ್ಷ ಬಿಟ್ಟು ಇನ್ನೊಬ್ಬ ಆಟಗಾರ ಹುವಾನ್ ಸೊಟೊ ನ್ಯೂಯಾರ್ಕ್ ಮೆಟ್ಸ್ ಜೊತೆ 15 ವರ್ಷಕ್ಕೆ 76.5 ಕೋಟಿ ಮಾಡಿಕೊಂಡ, ಒಂದು ಪೈಸೆ ಬಾಕಿ ಇಡಿಸದೆ. ಐಪಿಎಲ್‌ನಲ್ಲಿ ಪರ್ಸ್ ಇಷ್ಟೇ ಅಂತ ಗೆರೆ ಎಳೆದಿರುತ್ತಾರೆ. ಇಲ್ಲಿ ಆ ಥರ ಮಿತಿ ಇಲ್ಲ, ಒಂದು ಮೊತ್ತ ದಾಟಿದರೆ ತಂಡ ದಂಡ ಕಟ್ಟುತ್ತದೆ ಅಷ್ಟೇ.

ಅದು ಹುಚ್ಚಾ? ನನಗೆ ಹಾಗೆ ಅನ್ನಿಸುವುದಿಲ್ಲ, ಆ ದುಡ್ಡು ಹೋಗುವುದು ಇಲ್ಲವೇ ಆಟಗಾರನಿಗೆ, ಇಲ್ಲವೇ ಮಾಲೀಕನಿಗೆ. ನಿಜವಾದ ಹುಚ್ಚು ಬೇರೆ ಕಡೆ ಇದೆ. ಇಲ್ಲಿ ಸಂಬಳಕ್ಕೂ ಒಂದು ಗಡಿಯಾರ ಇದೆ, ಅದು ಟಿವಿಯಲ್ಲಿ ಕಾಣುವುದಿಲ್ಲ. ದೊಡ್ಡ ಲೀಗ್‌ಗೆ (ಮೇಜರ್ ಲೀಗ್) ಬಂದ ಹುಡುಗ ಆರು ವರ್ಷ ಪೂರ್ತಿ ಮಾಡುವವರೆಗೆ ಬೇರೆ ತಂಡಕ್ಕೆ ತಾನಾಗಿ ಹೋಗುವ ಹಾಗಿಲ್ಲ. ಮೊದಲ ಮೂರು ವರ್ಷ ಸಾಮಾನ್ಯವಾಗಿ ತಂಡ ಕೊಟ್ಟಿದ್ದೇ ಸಂಬಳ. 2025ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್ ಅಂತ ಸೈ ಯಂಗ್ ಪ್ರಶಸ್ತಿ ತಗೊಂಡ. ಆ ವರ್ಷ ಅವನ ಸಂಬಳ 8.75 ಲಕ್ಷ ಡಾಲರ್. ಸೊಟೊಗೆ ವರ್ಷಕ್ಕೆ 5 ಕೋಟಿಗೂ ಮೇಲೆ ಬೀಳುತ್ತದೆ.

ಈ ಆರು ವರ್ಷದಲ್ಲಿ ಒಂದು ವರ್ಷ ಅಂದರೆ ದೊಡ್ಡ ಲೀಗ್‌ನಲ್ಲಿ 172 ದಿನ ಅಂತ ಲೆಕ್ಕ. ಇದರಲ್ಲಿ ಎಂಥ ಆಟ ಆಡಬಹುದು ನೋಡಿ. 2015ರಲ್ಲಿ ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ ಹೊಡೆದಿದ್ದ. ಆದರೂ ಸೀಸನ್ ಶುರುವಿಗೆ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿ, ಏಪ್ರಿಲ್ 17ಕ್ಕೆ ಕರೆಸಿಕೊಂಡರು. ಕೊನೆಗೆ ಅವನ ಲೆಕ್ಕದಲ್ಲಿ ಬಂದಿದ್ದು 171 ದಿನ. ಒಂದೇ ಒಂದು ದಿನ ಕಮ್ಮಿ! ಅವನ ಬಿಡುಗಡೆ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ತಕರಾರು ಹಾಕಿದ, 2020ರಲ್ಲಿ ಸೋತ.

ಇನ್ನೂ ಕೆಳಗೆ ಹೋದರೆ ಮೈನರ್ ಲೀಗ್, ಅಂದರೆ ಹುಡುಗರು ತಯಾರಾಗುವ ಕೆಳಗಿನ ಹಂತಗಳು. ತೀರಾ ಕೆಳಗಿನ ಹಂತದಲ್ಲಿ 2022ರವರೆಗೆ ವರ್ಷಕ್ಕೆ ಕನಿಷ್ಠ 4,800 ಡಾಲರ್ ಇತ್ತು. 2023ರಲ್ಲಿ ಆಟಗಾರರ ಸಂಘ ಮೊದಲ ಸಲ ಅವರ ಪರವಾಗಿ ಒಪ್ಪಂದ ಮಾಡಿದ ಮೇಲೆ 19,800 ಆಯಿತು. ದೊಡ್ಡ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿರುವವನಿಗೆ 35,800 ಆಯಿತು. ನಾನು ವರ್ಷಕ್ಕೆ ಕೊಡುವ ಮನೆ ಬಾಡಿಗೆ ಅದಕ್ಕಿಂತ ಜಾಸ್ತಿ. ದೊಡ್ಡ ಲೀಗ್‌ನಲ್ಲಿ ಮಾಲೀಕರು ಮತ್ತು ಆಟಗಾರರ ಸಂಘ 2022ರಲ್ಲಿ ಮಾಡಿಕೊಂಡ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಹಿಂದಿನ ಸಲ ಒಪ್ಪಂದ ಮುಗಿದಾಗ ಮಾಲೀಕರು ಮೂರು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಹಾಕಿಬಿಟ್ಟಿದ್ದರು.

2024ರ ಬೇಸಿಗೆಯಲ್ಲಿ ಅಪ್ಪ ಶಿವಮೊಗ್ಗದಿಂದ ಬಂದಿದ್ದಾಗ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ನವುಲೆ ಮೈದಾನದಲ್ಲಿ ರಣಜಿ ಪಂದ್ಯ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ನೋಡುವ ಮನುಷ್ಯ. ಗಡಿಯಾರ ನೋಡಿ "ಸಿಗ್ನಲ್ ಲೈಟಿನ ಥರ ಇದೆಯಲ್ಲೋ" ಅಂದರು, ಆಮೇಲೆ ಚೆಂಡು ಬಿಟ್ಟು ಬರೀ ಅದನ್ನೇ ನೋಡುತ್ತಾ ಕೂತರು. ವಾಪಸ್ ಬರುವಾಗ ರೈಲಿನಲ್ಲಿ ಈ ಸಂಬಳದ ಕಥೆ ಎಲ್ಲ ಹೇಳಿದೆ. ಕೋಟಿಗಳ ಬಗ್ಗೆ ಅವರಿಗೆ ಆಸಕ್ತಿ ಬರಲಿಲ್ಲ. "ಪೆನ್ಷನ್ ಇದೆಯಾ?" ಅಂತ ಕೇಳಿದರು. ಇದೆ, ದೊಡ್ಡ ಲೀಗ್‌ನಲ್ಲಿ 43 ದಿನ ಇದ್ದರೆ ಸಾಕು, ಪೂರ್ತಿ ಬೇಕೆಂದರೆ ಹತ್ತು ವರ್ಷ ಅಂದೆ. ಅಪ್ಪ ಕೆಇಬಿಯಲ್ಲಿ ಮೂವತ್ತಮೂರು ವರ್ಷ ದುಡಿದವರು. ಎರಡು ಸ್ಟೇಷನ್ ದಾಟುವವರೆಗೆ ಕಿಟಕಿ ಆಚೆ ನೋಡಿದರು.

"ನನಗೆ ಪ್ರೊಬೇಷನ್ನೇ ಎರಡು ವರ್ಷ ಇತ್ತು" ಅಂದರು.