ಡೆಸ್ಕ್‌ಟಾಪಿಗೆ ಸ್ಪೀಕರ್: 4000 ವ್ಯಾಟೋ, 24 ವ್ಯಾಟೋ?

ಪ್ರಶ್ನೆ: ಮನೆಗೆ ಹೊಸ ಡೆಸ್ಕ್‌ಟಾಪ್ ತಂದಿದ್ದೇವೆ. ಹಗಲು ನನ್ನ ಆಫೀಸ್ ಕೆಲಸ, ಸಂಜೆ ಅಪ್ಪ ಯಕ್ಷಗಾನದ ವಿಡಿಯೊ ನೋಡುತ್ತಾರೆ. ಮಾನಿಟರಿನ ಸ್ಪೀಕರಿನಲ್ಲಿ ಚೆಂಡೆ ಕೇಳುತ್ತದೆ, ಮಾತು ತಿಳಿಯುವುದಿಲ್ಲ ಅಂತ ಅವರ ದೂರು. ಅಂಗಡಿಯಲ್ಲಿ 2.1 ಸೆಟ್ ತೋರಿಸಿದರು, ಅಂದರೆ ಎರಡು ಚಿಕ್ಕ ಸ್ಪೀಕರ್, ಜೊತೆಗೆ ಒಂದು ದೊಡ್ಡ ಬೇಸ್ ಡಬ್ಬಿ. ಅದರ ಮೇಲೆ 4000 ವ್ಯಾಟ್ ಪಿಎಂಪಿಒ ಅಂತ ಬರೆದಿದೆ. ಅದೇ ಬೆಲೆಗೆ ಬರೀ ಎರಡು ಸ್ಪೀಕರಿನ ಜೋಡಿಯೂ ಇದೆ, 24 ವ್ಯಾಟ್ ಆರ್‌ಎಂಎಸ್. ನಮ್ಮದು ಬಾಡಿಗೆ ಮನೆ, ಕೆಳಗೆ ಓನರ್ ಇದ್ದಾರೆ. ಯಾವುದು ತರಲಿ? (ಸಾಗರದ ಓದುಗರು)

ಉತ್ತರ: 24 ವ್ಯಾಟಿನ ಜೋಡಿ ತನ್ನಿ.

ಮೊದಲು ಆ 4000ದ ವಿಷಯ ಮುಗಿಸಿಬಿಡೋಣ. ನೀವು ಕಂಪ್ಯೂಟರ್ ಸಿಕ್ಕಿಸುವ ಪ್ಲಗ್ ಪಾಯಿಂಟ್ ಸಾಮಾನ್ಯವಾಗಿ 6 ಆಂಪಿಯರಿನದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಗುಣಿಸಿದರೆ 1380 ವ್ಯಾಟ್. ಗೋಡೆಯಿಂದಲೇ ಅಷ್ಟು ಬರುವಾಗ ಸ್ಪೀಕರಿನಿಂದ 4000 ಹೇಗೆ ಹೊರಡುತ್ತದೆ? ಪಿಎಂಪಿಒ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ತಯಾರಿಸಿದವರು ತಮಗೆ ಬೇಕಾದಂತೆ ಲೆಕ್ಕ ಹಾಕಿ ಹಾಕುವ ಸಂಖ್ಯೆ ಅದು. ನೀವು ನೋಡಬೇಕಾದ್ದು ಆರ್‌ಎಂಎಸ್, ಅಂದರೆ ಸ್ಪೀಕರ್ ಬಿಡದೆ ಕೊಡಬಲ್ಲ ಶಕ್ತಿ. ಅದನ್ನೂ ಸುಮ್ನೆ ನಂಬಬೇಡಿ. ಅಡಾಪ್ಟರ್ ತಿರುಗಿಸಿ ಅದರ ಚೀಟಿ ಓದಿ. 12 ವೋಲ್ಟ್, 1 ಆಂಪಿಯರ್ ಅಂತ ಇದ್ದರೆ ಆ ಸೆಟ್ಟಿಗೆ ಸಿಗುವುದೇ 12 ವ್ಯಾಟ್, ಪೆಟ್ಟಿಗೆ ಮೇಲೆ ಏನೇ ಬರೆದಿರಲಿ. ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಪುಟ್ಟ ಸ್ಪೀಕರುಗಳದ್ದೂ ಇದೇ ಲೆಕ್ಕ: ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಮೀಟಿಂಗಿಗೆ ಅದು ಸಾಕು, ಚೆಂಡೆಗೆ ಸಾಲದು.

ಇಷ್ಟಕ್ಕೂ ಜಾಸ್ತಿ ವ್ಯಾಟ್ ನಿಮಗೆ ಬೇಕೇ ಇಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್, ಕಿವಿಗೆ ಸ್ವಲ್ಪ ಜೋರಾಯಿತು ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತು ಪಟ್ಟು ವ್ಯಾಟ್ ಬೇಕು. ಅಪ್ಪ ಕೂರುವುದು ಸ್ಪೀಕರಿನಿಂದ ಎರಡು ಮೂರು ಅಡಿ ದೂರದಲ್ಲಿ ಅಲ್ವಾ? ಅಷ್ಟು ಹತ್ತಿರದಿಂದ ಮಾಮೂಲಿಯಾಗಿ ಕೇಳುವಾಗ ಒಂದು ವ್ಯಾಟ್ ಕೂಡ ಖರ್ಚಾಗುವುದು ಕಷ್ಟ.

ಇನ್ನು ಬೇಸ್ ಡಬ್ಬಿ. ಇಲ್ಲೇ ತುಂಬಾ ಜನ ಎಡವುತ್ತಾರೆ. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕಕ್ಕೆ ಹರ್ಟ್ಸ್ ಅನ್ನುತ್ತಾರೆ; ಸಂಖ್ಯೆ ಕೆಳಗಿಳಿದಷ್ಟೂ ಸದ್ದು ದಪ್ಪ, ಮೇಲೇರಿದಷ್ಟೂ ಚೂಪು. ಒಳ್ಳೆಯ ಸೆಟ್‌ಗಳಲ್ಲಿ ಡಬ್ಬಿ 80 ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಮಾತ್ರ ನೋಡಿಕೊಳ್ಳುತ್ತದೆ. ಅಷ್ಟು ಕೆಳಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಡಬ್ಬಿ ಮೇಜಿನ ಕೆಳಗಿದ್ದರೂ ನಡೆಯುತ್ತದೆ. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಎರಡು ಚಿಕ್ಕ ಸ್ಪೀಕರುಗಳ ಕೋನು (ಅದುರಿ ಸದ್ದು ಹೊರಡಿಸುವ ಭಾಗ) ಅಂಗೈ ಅರ್ಧದಷ್ಟೂ ಇರುವುದಿಲ್ಲ, ಅವುಗಳಿಗೆ ಕೆಳಗಿನ ಸದ್ದು ಹೊರಡಿಸಲು ಆಗುವುದಿಲ್ಲ, ಹೀಗಾಗಿ 150, ಕೆಲವೊಮ್ಮೆ 200 ಹರ್ಟ್ಸ್‌ವರೆಗೂ ಎಲ್ಲವನ್ನೂ ಡಬ್ಬಿಯ ಮೇಲೇ ಹೊರಿಸಿರುತ್ತಾರೆ. ಗಂಡಸರು ಮಾತಾಡುವಾಗ ದನಿಯ ಬುಡ ಇರುವುದು ಸುಮಾರು 85ರಿಂದ 180 ಹರ್ಟ್ಸ್ ನಡುವೆ. ಅಂದರೆ ಮಾತಿನ ಬುಡ ಮೇಜಿನ ಕೆಳಗಿನಿಂದ, ತುದಿ ಮೇಜಿನ ಮೇಲಿನಿಂದ. ನನ್ನ ಹತ್ತಿರ ಇಂಥ ಒಂದು ಸೆಟ್ ಇತ್ತು. ವಾರ್ತೆ ಓದುವವರ ದನಿ ನನ್ನ ಮೊಣಕಾಲಿನ ಹತ್ತಿರ ಗುಂಯ್‌ಗುಡುತ್ತಿತ್ತು. ಏನು ಹೇಳಿದರು ಅಂತ ತಿಳಿಯಲು ಪ್ರತಿ ಸಲ ಜೋರು ಮಾಡುತ್ತಿದ್ದೆ, ಜೋರು ಮಾಡಿದಷ್ಟೂ ಗುಂಯ್ ಜಾಸ್ತಿಯಾಗುತ್ತಿತ್ತು.

ಯಕ್ಷಗಾನಕ್ಕೆ ಇದು ಇನ್ನೂ ತೊಂದರೆ. ಭಾಗವತರು ಏರು ದನಿಯಲ್ಲಿ ಹಾಡುವುದರಿಂದ ಪದ ಹೇಗೋ ದಾಟಿಕೊಂಡು ಬರುತ್ತದೆ. ಆದರೆ ಅರ್ಥ ಹೇಳುವವರ ಮಾತು ಮದ್ದಲೆಯ ಗುಂಕಾರದಲ್ಲಿ ಕಲಸಿಹೋಗುತ್ತದೆ. ಮಾತು ಸ್ಪಷ್ಟವಾಗಿ ತಿಳಿಯುವುದು ಸ, ಶ, ತ, ಕ ಇಂಥ ಅಕ್ಷರಗಳ ಚೂಪಿನಿಂದ. ಅದು ಇರುವುದು 2000ದಿಂದ 4000 ಹರ್ಟ್ಸ್ ಆಸುಪಾಸು ಮತ್ತು ಅದಕ್ಕೂ ಮೇಲೆ. ವಯಸ್ಸಾದವರ ಕಿವಿ ಮೊದಲು ಸೋಲುವುದೂ ಮೇಲಿನ ಸದ್ದಿಗೇ. ಹಾಗಾಗಿ ಅಪ್ಪನಿಗೆ ಬೇಕಾದ್ದು ಬೇಸ್ ಅಲ್ಲ, ಮಾತನ್ನು ಬಿಡಿಸಿ ಕೇಳಿಸುವ ಸ್ಪೀಕರ್. 3 ಅಥವಾ 4 ಇಂಚಿನ ಕೋನು, ಅದರ ಮೇಲೆ ಚೂಪು ಸದ್ದಿಗೆಂದೇ ಬೇರೆಯೇ ಒಂದು ಚಿಕ್ಕ ಟ್ವೀಟರ್, ಮರದ ಪೆಟ್ಟಿಗೆ, ಗೋಡೆಯ ಕರೆಂಟ್. ಇಷ್ಟಿರುವ ಜೋಡಿ ಹುಡುಕಿ. ಮುಂದೆ ಬಲೆ ಬಿಚ್ಚಲು ಬಂದರೆ ಬಿಚ್ಚಿ ನೋಡಿ, ಟ್ವೀಟರ್ ನಿಜವಾಗಿ ಇದೆಯೋ ಅಥವಾ ಬರೀ ಪ್ಲಾಸ್ಟಿಕ್ ಗುಂಡಿಯೋ ಅಂತ. ಸದ್ದಿಗೆ ಬಲ ಕೊಡುವ ಆಂಪ್ಲಿಫೈಯರ್ ಒಳಗೇ ಇದೆಯಾ ಅಂತಲೂ ಕೇಳಿಕೊಳ್ಳಿ. ಒಳಗೆ ಅದಿಲ್ಲದ ಪ್ಯಾಸಿವ್ ಸ್ಪೀಕರ್ ತಂದರೆ ಅದಕ್ಕೆ ಬೇರೆ ಆಂಪ್ಲಿಫೈಯರ್ ಕೊಳ್ಳಬೇಕಾಗುತ್ತದೆ. ಕೆಳಗಿರುವ ಓನರಿಗೂ ಇದೇ ಒಳ್ಳೆಯದು, ನೆಲದ ಮೇಲಿಟ್ಟ ಬೇಸ್ ಡಬ್ಬಿ ಅವರ ತಾರಸಿಯನ್ನೇ ನಡುಗಿಸುತ್ತದೆ.

ಅಂಗಡಿಗೆ ಹೋಗುವಾಗ ಅಪ್ಪ ನೋಡುವ ಒಂದು ಪ್ರಸಂಗವನ್ನು ಫೋನಿನಲ್ಲಿ ತುಂಬಿಕೊಂಡು ಹೋಗಿ. ಅಂಗಡಿಯವರು ಹಾಕುವ ಧಂ ಧಂ ಹಾಡಿನಲ್ಲಿ ಎಲ್ಲಾ ಸ್ಪೀಕರೂ ಚೆನ್ನಾಗೇ ಕೇಳುತ್ತವೆ. ನಿಮ್ಮ ತುಣುಕು ಹಾಕಿ, ಸಣ್ಣ ಸದ್ದಿನಲ್ಲಿಡಿ, ಮಾತು ತಿಳಿಯುತ್ತದಾ ನೋಡಿ. ಆಮೇಲೆ ಚೆಂಡೆ ಜೋರಾಗಿ ಬಾರಿಸುವ ಕಡೆ ಮುಕ್ಕಾಲು ವಾಲ್ಯೂಮಿಗೆ ಏರಿಸಿ. ಪೆಟ್ಟುಗಳು ಒಂದೊಂದಾಗಿ ಬಿದ್ದರೆ ಸರಿ. ಚರಚರ ಅಂದರೆ ಬೇಡ. ಕೊನೆಗೆ ವಿಡಿಯೊ ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಸ್ವಲ್ಪ ಸ್ಸ್ ಅನ್ನುವುದು ಪರವಾಗಿಲ್ಲ.

ತಂದ ಮೇಲೆ ಮಾನಿಟರಿನ ಹಿಂದೆ ಬಚ್ಚಿಡಬೇಡಿ. ಎರಡು ಸ್ಪೀಕರ್, ಅಪ್ಪನ ತಲೆ, ಮೂರೂ ಸೇರಿ ಸಮ ತ್ರಿಕೋನ ಆಗಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಎತ್ತರ ಸಾಲದಿದ್ದರೆ ಎರಡು ದಪ್ಪ ಪುಸ್ತಕ ಇಟ್ಟರೂ ಆಯಿತು. ಗೋಡೆಗೆ ಒತ್ತಿ ಇಟ್ಟರೆ, ಅದರಲ್ಲೂ ಮೂಲೆಗೆ ಇಟ್ಟರೆ, ಮತ್ತೆ ಗುಂಯ್ ಶುರುವಾಗುತ್ತದೆ. ಒಂದು ಗೇಣಾದರೂ ಮುಂದೆ ಎಳೆಯಿರಿ.

ಪ್ರಶ್ನೆ: ಸ್ಪೀಕರ್ ಹೊಸದು, ಆದರೂ ಹಾಡಿಲ್ಲದಾಗ ಗುಂಯ್ ಅಂತ ಒಂದೇ ಸಮ ಸದ್ದು. ಬದಲಾಯಿಸಿ ತಂದರೂ ಅದೇ ಕಥೆ. (ಹಾಸನದ ಓದುಗರು)

ಉತ್ತರ: ಬದಲಾಯಿಸಿದರೂ ಹೋಗಿಲ್ಲ ಅಂದರೆ ತಪ್ಪು ಸ್ಪೀಕರಿನದಲ್ಲ ಅನ್ನಿಸುತ್ತದೆ. ಸ್ಪೀಕರ್ ಆನ್ ಇರುವಾಗಲೇ ಕಂಪ್ಯೂಟರಿನ ಕಡೆಯ ಪಿನ್ ಎಳೆದು, ತುದಿ ಮುಟ್ಟದೆ ಬಿಡಿ. ಸದ್ದು ನಿಂತರೆ ಅದು ಬರುತ್ತಿರುವುದು ಕಂಪ್ಯೂಟರಿನ ಕಡೆಯಿಂದ. ಆಗ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ ನೋಡಿ. ಪಿನ್ನನ್ನು ಮುಂದಿನ ಜ್ಯಾಕಿನಿಂದ ತೆಗೆದು ಹಿಂದಿನ ಹಸಿರು ಜ್ಯಾಕಿಗೆ ಹಾಕಿ, ಏಕೆಂದರೆ ಮುಂದಿನದರ ವೈರ್ ಕ್ಯಾಬಿನೆಟ್ಟಿನ ಒಳಗೆಲ್ಲಾ ಸುತ್ತಿ ಬರುವಾಗ ಬೇಡದ ಸದ್ದನ್ನೂ ಹೊತ್ತು ತರುತ್ತದೆ.

ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಕೈಗೆ ಜುಮ್ ಅನ್ನುತ್ತದಾ? ಹಾಗಿದ್ದರೆ ಸ್ಪೀಕರ್ ವಿಷಯ ಬಿಟ್ಟು ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಗುಂಯ್ ನಿಲ್ಲುತ್ತದೆ ಅಂತ ಯಾರೋ ಹೇಳಿದರು ಎಂದು ಪ್ಲಗ್ಗಿನ ಮೂರನೇ ಪಿನ್ ಮಾತ್ರ ಯಾವತ್ತೂ ಮುರಿಯಬೇಡಿ, ಜೀವಕ್ಕೆ ಅಪಾಯ. ಅರ್ಥಿಂಗ್ ಸರಿಯಿದ್ದೂ ಸದ್ದು ಹೋಗದಿದ್ದರೆ, ಕಂಪ್ಯೂಟರ್ ಮತ್ತು ಸ್ಪೀಕರ್ ಎರಡರಲ್ಲೂ ಆಪ್ಟಿಕಲ್ ಪೋರ್ಟ್ ಇದ್ದಲ್ಲಿ ಆ ಕೇಬಲ್ ಹಾಕಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ದಾಟಲು ದಾರಿಯೇ ಇರುವುದಿಲ್ಲ.