ಎಥನಾಲ್ ಶೇ. 95ರಲ್ಲೇ ನಿಲ್ಲುವುದು ಯಾಕೆ?

ಎಷ್ಟು ಸಲ ಬಟ್ಟಿ ಇಳಿಸಿದರೂ ಎಥನಾಲ್ ಶೇ. 95ರ ಆಸುಪಾಸಿನಲ್ಲೇ ನಿಲ್ಲುತ್ತಿದೆ, ಕಾಲಂ (ಆವಿ ಮೇಲೇರುವ ಕೊಳವೆ) ಇನ್ನೂ ಉದ್ದ ಮಾಡಲೇ ಎಂದು ಕೇಳಿದ್ದೀರಿ. ಬೇಡ, ಸುಮ್ನೆ ಖರ್ಚು. ತೂಕದಲ್ಲಿ ಶೇ. 95.6ರ ಹತ್ತಿರ ಬಂದ ಮೇಲೆ ಆ ಎಥನಾಲ್-ನೀರಿನ ಮಿಶ್ರಣ 78.2 ಡಿಗ್ರಿಯಲ್ಲಿ ಒಂದೇ ದ್ರವದ ಹಾಗೆ ಕುದಿಯುತ್ತದೆ. ಆವಿಯಲ್ಲಿ ಇರುವುದೂ ಅದೇ ಪ್ರಮಾಣ, ಕೆಳಗಿನ ದ್ರವದಲ್ಲೂ ಅದೇ. ಮತ್ತೆ ಬೇರೆಯಾಗುವುದು ಹೇಗೆ, ಅಲ್ವಾ?

ನೀರಿಲ್ಲದ ಎಥನಾಲ್ ಲ್ಯಾಬ್‌ನಲ್ಲಿ ಸ್ವಲ್ಪವೇ ಬೇಕಿದ್ದರೆ 3ಎ ಮಾಲಿಕ್ಯುಲರ್ ಸೀವ್ (ನೀರು ಹೀರುವ, ಅತಿಸಣ್ಣ ರಂಧ್ರಗಳ ಮಣಿಗಳು) ಬಳಸಿ. ಅದರ ರಂಧ್ರ ಸುಮಾರು 3 ಆಂಗ್‌ಸ್ಟ್ರಾಮ್ (ಅಣುಗಳನ್ನು ಅಳೆಯುವಷ್ಟು ಚಿಕ್ಕ ಅಳತೆ). ನೀರಿನ ಅಣು ಒಳಗೆ ನುಸುಳುತ್ತದೆ, ಎಥನಾಲ್ ಅಣು ದೊಡ್ಡದು, ಹೊರಗೇ ಉಳಿಯುತ್ತದೆ. 4ಎ ತರಬೇಡಿ, ಅದರೊಳಗೆ ಎಥನಾಲ್ ಕೂಡ ಹೋಗುತ್ತದೆ. ಮಣಿಗಳನ್ನು ಮೊದಲು 250–300 ಡಿಗ್ರಿಯಲ್ಲಿ ಚೆನ್ನಾಗಿ ಒಣಗಿಸಿ, ಗಾಳಿಯ ತೇವ ತಾಗದಂತೆ ಮುಚ್ಚಿಟ್ಟು ತಣಿಸಿ. ಒಣಗಿವೆಯಾ ಎಂದು ನೋಡಬೇಕೇ? ಕೈಗವಸು ಹಾಕಿಕೊಂಡು ತಣಿದ ನಾಲ್ಕು ಮಣಿ ಅಂಗೈಲಿಟ್ಟು ಒಂದು ಹನಿ ನೀರು ಬಿಡಿ. ತಕ್ಷಣ ಬಿಸಿ ತಟ್ಟಿದರೆ ಸರಿಯಾಗಿವೆ. ಆಮೇಲೆ ಎಥನಾಲ್‌ಗೆ ಹಾಕಿ, ಬಿಗಿಯಾಗಿ ಮುಚ್ಚಿ, ಒಂದೆರಡು ದಿನ ಬಿಡಿ.

ಹಳೇ ಪುಸ್ತಕಗಳಲ್ಲಿ ಬೆಂಜೀನ್ ಸೇರಿಸಿ ಬಟ್ಟಿ ಇಳಿಸುವ ವಿಧಾನ ಸಿಗುತ್ತದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ, ಅದು ಕ್ಯಾನ್ಸರ್ ತರುವ ವಸ್ತು. ಕಾರ್ಖಾನೆಗಳೂ ಅದನ್ನು ಬಿಟ್ಟು ಸೈಕ್ಲೋಹೆಕ್ಸೇನ್‌ಗೋ ಸೀವ್‌ಗೋ ಬದಲಾಗಿವೆ.