ಶಂಖಪುಷ್ಪದ ಪೆಪ್ಟೈಡ್ ಡೇಟಾಬೇಸಿನಲ್ಲಿ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಹಾಸನದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದೇನೆ. ಮನೆ ಬೇಲಿಯ ಶಂಖಪುಷ್ಪದ ಬೀಜದಿಂದ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ತೆಗೆದು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ಮಾಡಿಸಿದೆವು. 3,000 ಡಾಲ್ಟನ್ ಆಸುಪಾಸಿನಲ್ಲಿ ಒಳ್ಳೆಯ ಪೀಕ್‌ಗಳಿವೆ. ಆದರೆ ಡೇಟಾಬೇಸಿನಲ್ಲಿ ಒಂದೂ ಹೊಂದುವುದಿಲ್ಲ. ಡೇಟಾಬೇಸ್ ಇಲ್ಲದೆ ಪೀಕ್‌ಗಳಿಂದಲೇ ಓದುವ ಡಿ ನೋವೋ ಸಾಫ್ಟ್‌ವೇರ್‌ಗಳು ಒಂದೊಂದೂ ಒಂದೊಂದು ಸೀಕ್ವೆನ್ಸ್ (ಅಮೈನೋ ಆಮ್ಲಗಳ ಕ್ರಮ) ಹೇಳುತ್ತವೆ. ಯಾವುದನ್ನು ನಂಬಲಿ ಸರ್?

ಉತ್ತರ: ಸದ್ಯಕ್ಕೆ ಯಾವುದನ್ನೂ ನಂಬಬೇಡಿ. ನಿಮಗೆ ಸಿಕ್ಕಿರುವುದು ಬಹುಶಃ ಸೈಕ್ಲೋಟೈಡ್. ಶಂಖಪುಷ್ಪದಲ್ಲಿ ಅದು ಹೇರಳ. ಸುಮಾರು 30 ಅಮೈನೋ ಆಮ್ಲಗಳ ಸರಪಳಿ, ಎರಡೂ ತುದಿ ಬೆಸೆದು ಉಂಗುರವಾಗಿರುತ್ತದೆ. ಒಳಗೆ ಸಿಸ್ಟೀನ್ ಎಂಬ ಗಂಧಕವಿರುವ ಆರು ಅಮೈನೋ ಆಮ್ಲಗಳು ಜೋಡಿಜೋಡಿಯಾಗಿ ಮೂರು ಡೈಸಲ್ಫೈಡ್ ಬಂಧ ಹಾಕಿಕೊಂಡಿರುತ್ತವೆ. ತುದಿಯಿಂದ ಓದಲು ಕಲಿತ ಸಾಫ್ಟ್‌ವೇರ್‌ಗೆ ಇಲ್ಲಿ ತುದಿಯೇ ಸಿಗುವುದಿಲ್ಲ. ತುದಿಯಿಂದ ಒಂದೊಂದೇ ಅಮೈನೋ ಆಮ್ಲ ಕಳಚಿ ಓದುವ ಎಡ್ಮನ್ ವಿಧಾನವೂ ಇದೇ ಕಾರಣಕ್ಕೆ ಕೈಕೊಡುತ್ತದೆ.

ಮೊದಲು ಲ್ಯಾಬಿನಲ್ಲಿ ಉಂಗುರ ಬಿಚ್ಚಿ. ಡಿಟಿಟಿ (ಡೈಥಿಯೋಥ್ರೈಟಾಲ್) ಹಾಕಿ ಡೈಸಲ್ಫೈಡ್ ಬಂಧ ಒಡೆದು, ಅವು ಮತ್ತೆ ಕೂಡದಂತೆ ಸಿಸ್ಟೀನ್‌ಗೆ ಮುಚ್ಚಳ ಹಾಕುವ ಅಯೋಡೋಅಸಿಟಮೈಡ್ ಕೊಡಿ. ತೂಕ 348 ಡಾಲ್ಟನ್ ಏರಿದರೆ ಆರು ಸಿಸ್ಟೀನ್ ಇವೆ: ತಲಾ 58, ಅಂದರೆ ಮುಚ್ಚಳದ 57, ಬಂಧ ಒಡೆದಾಗ ಸೇರುವ ಹೈಡ್ರೋಜನ್ 1. ಆಮೇಲೆ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ನಂತರ ಸರಪಳಿ ಕತ್ತರಿಸುವ ಗ್ಲು-ಸಿ ಕಿಣ್ವ. ಹಲವು ಸೈಕ್ಲೋಟೈಡ್‌ಗಳಲ್ಲಿ ಗ್ಲುಟಾಮಿಕ್ ಆಮ್ಲ ಒಂದೇ ಇರುವುದರಿಂದ ಉಂಗುರ ಒಂದೇ ಕಡೆ ತುಂಡಾಗಿ, ತೂಕ ಇನ್ನೂ 18 ಏರುತ್ತದೆ: ಒಂದು ನೀರಿನ ಅಣುವಿನಷ್ಟು. ಈ ಎರಡು ಕೂಡುವ ಲೆಕ್ಕಕ್ಕೆ ನಾನು ಕೊಡುವ ಬೆಲೆಯನ್ನು ಯಾವ ಎಐ ಸ್ಕೋರಿಗೂ ಕೊಡುವುದಿಲ್ಲ.

ಸಾಫ್ಟ್‌ವೇರ್ ಸೆಟ್ಟಿಂಗಿನಲ್ಲಿ ಸಿಸ್ಟೀನ್‌ಗೆ ಕಾರ್ಬಮಿಡೋಮೀಥೈಲ್ (ಆ ಅಯೋಡೋಅಸಿಟಮೈಡ್ ಹಾಕಿದ ಮುಚ್ಚಳ) ಎಂದು ಗುರುತು ಹಾಕಿದ್ದೀರಾ ನೋಡಿ. ಅದು ಸೇರಿಸುವ ತೂಕ 57.021, ಸರಪಳಿಯೊಳಗಿನ ಗ್ಲೈಸಿನ್ ಎಂಬ ಅಮೈನೋ ಆಮ್ಲದ್ದೂ ಅಷ್ಟೇ. ಗುರುತು ಹಾಕದಿದ್ದರೆ ಪ್ರತಿ ಸಿಸ್ಟೀನ್ ಪಕ್ಕದಲ್ಲೂ ಇಲ್ಲದ ಗ್ಲೈಸಿನ್ ಹುಟ್ಟಿಕೊಳ್ಳುತ್ತದೆ! ಎರಡು ಗ್ಲೈಸಿನ್ ಸೇರಿದರೆ ಆಸ್ಪರಾಜಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ತೂಕ ಎಂಬುದೂ ನೆನಪಿರಲಿ. ನಡುವಿನ ಒಂದು ತುಣುಕಿನ ಪೀಕ್ ಕಾಣದೆ ಹೋದರೆ ಎರಡರಲ್ಲಿ ಯಾವುದೆಂದು ಹೇಳಲಾಗದು. 2017ರ ಡೀಪ್‌ನೋವೋ, 2022ರ ಕ್ಯಾಸನೋವೋದಂಥ ಎಐ ಡಿ ನೋವೋ ಸಾಫ್ಟ್‌ವೇರ್‌ಗಳು ಇಂಥ ಕಡೆ ಕಲಿತ ಅನುಭವದಿಂದ ಊಹಿಸುತ್ತವೆ. ಆ ಕಲಿಕೆ ಬಹುಮಟ್ಟಿಗೆ ನೇರ ಪೆಪ್ಟೈಡ್‌ಗಳದು. ಹಾಗಾಗಿ ಒಟ್ಟು ಸ್ಕೋರ್ ಬಿಟ್ಟು ಒಂದೊಂದು ಅಮೈನೋ ಆಮ್ಲದ ಸ್ಕೋರ್ ನೋಡಿ.

ಸಾಧ್ಯವಾದರೆ ಅದೇ ಗಿಡದ ಆರ್‌ಎನ್‌ಎ ಸೀಕ್ವೆನ್ಸ್‌ನಿಂದ ಸ್ವಂತ ಡೇಟಾಬೇಸ್ ಕಟ್ಟಿ. ಶಂಖಪುಷ್ಪದ ಸೈಕ್ಲೋಟೈಡ್ ಆಲ್ಬುಮಿನ್-1 ಜೀನ್‌ನೊಳಗೆ ಅಡಗಿರುತ್ತದೆ ಎಂದು 2011ರಲ್ಲೇ ಗೊತ್ತಾಗಿದೆ, ಅಲ್ಲೇ ಹುಡುಕಿ. ಪ್ರತಿ ಸೀಕ್ವೆನ್ಸನ್ನೂ ಗ್ಲುಟಾಮಿಕ್ ಆಮ್ಲದ ಮುಂದಿನದರಿಂದ ಶುರುಮಾಡಿ, ಸುತ್ತು ಹಾಕಿಸಿ, ಅದೇ ಗ್ಲುಟಾಮಿಕ್ ಆಮ್ಲಕ್ಕೆ ಮುಗಿಸಿ ಬರೆಯಬೇಕು. ಲ್ಯೂಸಿನ್, ಐಸೋಲ್ಯೂಸಿನ್ ಎಂಬ ಎರಡು ಅಮೈನೋ ಆಮ್ಲಗಳ ತೂಕವೂ 113.084 ಆದ್ದರಿಂದ ಮಾಮೂಲಿ ಸ್ಪೆಕ್ಟ್ರಮ್‌ನಲ್ಲಿ ಬೇರೆಯಾಗುವುದಿಲ್ಲ. ಆರ್‌ಎನ್‌ಎ ಇದ್ದರೆ ಆ ಜಗಳವೂ ತೀರುತ್ತದೆ. ಇಲ್ಲದಿದ್ದರೆ ಪ್ರಾಜೆಕ್ಟ್ ವರದಿಯಲ್ಲಿ ಆ ಜಾಗಗಳಿಗೆಲ್ಲ ‘ಲ್ಯೂಸಿನ್ ಅಥವಾ ಐಸೋಲ್ಯೂಸಿನ್’ ಎಂದೇ ಬರೆಯಿರಿ.